ಎರ್ನಮ್ಮನ ಕಟ್ಟೆ

ಹಂಪಿಯಲ್ಲಿ ಗೈಡ್ ಕೆಲಸಕ್ಕೆ ನಿಂತು ಇಪ್ಪತ್ತೆಂಟು ವರ್ಷವಾಯಿತು. ಸುಳ್ಳು ಹೇಳುವುದಕ್ಕೆ ನನಗೆ ಸರ್ಕಾರವೇ ಲೈಸೆನ್ಸ್ ಕೊಟ್ಟಿದೆ ಎಂದು ನನ್ನ ಹೆಂಡತಿ ಸುವರ್ಣಮ್ಮ ಬಂದವರ ಮುಂದೆಲ್ಲ ಹೇಳುತ್ತಾಳೆ. ಪೂರಾ ಸುಳ್ಳಲ್ಲ. ಕಲ್ಲು ಕಲ್ಲೇ, ಅದಕ್ಕೊಂದಿಷ್ಟು ಒಗ್ಗರಣೆ, ಅಷ್ಟೇ. ರಾಣಿಯರ ಸ್ನಾನದ ಕೊಳಕ್ಕೆ ಒಮ್ಮೆಗೆ ಎಷ್ಟು ರಾಣಿಯರು ಇಳಿಯುತ್ತಿದ್ದರು ಎಂದು ಯಾರಾದರೂ ಕೇಳಿದರೆ, ಕೇಳಿದವರ ಉತ್ಸಾಹ ನೋಡಿ ಸಂಖ್ಯೆ ಹೇಳುತ್ತೇನೆ.

ನನ್ನ ಸೋದರಮಾವ ಪಾಲಪ್ಪನಿಗೆ ಈ ಕಸುಬು ಕಂಡರೆ ಆಗುತ್ತಿರಲಿಲ್ಲ. ಸಂಡೂರಿನ ಹತ್ತಿರ ಯಶವಂತನಗರದ ಗಣಿಯಲ್ಲಿ ಮೂವತ್ತೈದು ವರ್ಷ ಬಂಡೆ ಕೊರೆದು, ಕೊರೆಯುವ ಗ್ಯಾಂಗಿಗೆ ಮೇಸ್ತ್ರಿಯಾಗಿ ರಿಟೈರಾದವನು. ಕೆಂಪು ಬಾವುಟದ ಯೂನಿಯನ್ನಿನವನು. ನನ್ನ ಮಗಳು ಸ್ಫೂರ್ತಿಗೆ ಆರು ತುಂಬಿದ ಮಾರನೇ ದಿನವೇ ಬಸ್ಸಿನಲ್ಲಿ ಕಂಡಕ್ಟರನನ್ನು ತಾನಾಗಿ ಕರೆದು ಅರ್ಧ ಟಿಕೆಟ್ ಹರಿಸಿದವನು. ಇಂಥವನ ಜೊತೆ ಪ್ರಯಾಣ ಮಾಡುವುದೇ ಒಂದು ಕಾಟ.

ಆ ಮನುಷ್ಯ ಡಿಸೆಂಬರಿನ ಒಂದು ಬೆಳಿಗ್ಗೆ, ನಾನು ವಿಠ್ಠಲ ದೇವಸ್ಥಾನದ ಮುಂದೆ ಹತ್ತು ಜನರನ್ನು ಬಿಸಿಲಿಗೆ ನಿಲ್ಲಿಸಿ ಭಾಷಣ ಮಾಡುತ್ತಿದ್ದಾಗ, ಎರಡು ಬಸ್ಸು ಬದಲಾಯಿಸಿ ಬಂದು ಎದುರಿಗೆ ನಿಂತ. ಎಪ್ಪತ್ತಾರು ವರ್ಷ, ಆದರೂ ಏದುಸಿರಿಲ್ಲ. ಕೈಯಲ್ಲಿ ಹೊರದೇಶದ ಸ್ಟ್ಯಾಂಪಿನ ಒಂದು ಕವರು.

“ಜಂಬ್ಯಾ, ಆ ರಾಜರನ್ನ ಅಲ್ಲೇ ಬಿಡು. ಇದನ್ನ ಜಲ್ದಿ ಓದು. ನನ್ನ ಜರ್ಮನ್ನು ತುಕ್ಕು ಹಿಡದೈತಿ.”

ಜಂಬ್ಯಾ ಎಂದರೆ ನಾನು, ಜಂಬುನಾಥ. ಜರ್ಮನ್ ಬಲ್ಲ ಗೈಡ್ ಎಂದು ನನಗೆ ನಾಲ್ಕು ಜನರಲ್ಲಿ ಹೆಸರಿದೆ, ಆ ಭಾಷೆಯ ರುಚಿ ಹತ್ತಿಸಿದವನು ಮಾಮನೇ. ಎಪ್ಪತ್ನಾಲ್ಕರಲ್ಲಿ ಯೂನಿಯನ್ನಿನ ಕಡೆಯಿಂದ ಎಂಟು ತಿಂಗಳ ತರಬೇತಿಗೆ ಅವನು ಪೂರ್ವ ಜರ್ಮನಿಗೆ ಹೋಗಿ ಬಂದಿದ್ದ. ಅಲ್ಲಿ ಅವನಿಗೆ ಪಾಠ ಹೇಳಿದವಳು ಒಬ್ಬ ಅಧಿಕಾರಿ ಹೆಂಗಸು. ಅವಳ ಹೆಸರನ್ನು ಅವನು ಎಂದೂ ಹೇಳಲಿಲ್ಲ. ‘ಜರ್ಮನಿ ಮೇಡಂ’ ಅಂತಲೇ ಅನ್ನುತ್ತಿದ್ದ. ನಾವು ಚಿಕ್ಕವರಿದ್ದಾಗ ಅವಳ ಕಥೆ ಕೇಳದೆ ಊಟಕ್ಕೆ ಏಳುತ್ತಿರಲಿಲ್ಲ.

ಅವಳ ಅಪ್ಪನೂ ಗಣಿಯವನೇ. ಎದೆಯಲ್ಲಿ ಧೂಳು ತುಂಬಿ, ಕುರ್ಚಿಯಲ್ಲಿ ಕೂತೇ ನಿದ್ದೆ ಮಾಡಿ, ಕೂತೇ ಸತ್ತವನು. ಅವಳು ಕಾಲುಚೀಲ ನೇಯುವ ಮಿಲ್ಲಿಗೆ ಸೇರಿದಳು, ಕಮ್ಯುನಿಸ್ಟ್ ಪಾರ್ಟಿಗೂ ಸೇರಿದಳು. ಹಿಟ್ಲರ್ ಬಂದ. ಪಾರ್ಟಿಯವರನ್ನೆಲ್ಲ ಹಿಡಿದು ಒಳಗೆ ಹಾಕತೊಡಗಿದರು. ಹೊರಗೆ ಉಳಿದವರು ಕರಪತ್ರವನ್ನು ಬೆರಳಗಲಕ್ಕೆ ಅಚ್ಚು ಮಾಡಿ ಮೂಲಂಗಿ ಬೀಜದ ಪೊಟ್ಟಣದಲ್ಲಿ ಹಾಕುತ್ತಿದ್ದರು. ಮೇಡಂ ಆ ಪೊಟ್ಟಣಗಳನ್ನು ಬುಟ್ಟಿಯಲ್ಲಿಟ್ಟುಕೊಂಡು ಮನೆಮನೆಗೆ ಹೋಗಿ ಕೊಡುತ್ತಿದ್ದಳು. ಒಬ್ಬ ಮುದುಕಿ ಕರಪತ್ರವನ್ನೂ ಬೀಜವನ್ನೂ ಸೇರಿಸಿ ಬಿತ್ತಿದಳಂತೆ. ಇಲ್ಲಿಗೆ ನಾವು ಬಿದ್ದು ಬಿದ್ದು ನಗುತ್ತಿದ್ದೆವು.

ಆಮೇಲಿನ ಭಾಗಕ್ಕೆ ನಗು ಇರಲಿಲ್ಲ. ಪೊಲೀಸರು ಹಿಡಿದರು. ಯಾರು ಕೊಟ್ಟರು ಹೇಳು ಎಂದು ಹನ್ನೊಂದು ದಿನ ಹೊಡೆದರು. ಹನ್ನೆರಡನೇ ದಿನ ಅವಳು ಒಂದು ಹೆಸರು ಹೇಳಿದಳು. ಅದು ಎರಡು ವಾರದ ಹಿಂದೆ ಸತ್ತು ಮಣ್ಣಾದವನ ಹೆಸರು. ಆ ಒಂದು ಸುಳ್ಳಿನಿಂದ ಏಳು ಜನ ಉಳಿದರು, ಅವಳಿಗೆ ಹತ್ತು ವರ್ಷ ಜೈಲು, ಕ್ಯಾಂಪು. ಯುದ್ಧ ಮುಗಿದ ಮೇಲೆ ಹೊಸ ಸರ್ಕಾರ ಅವಳನ್ನು ಕರೆದು, ಗಣಿ ಕಾರ್ಮಿಕರ ಆರೋಗ್ಯ ನೋಡಿಕೊಳ್ಳುವ ಇಲಾಖೆಯಲ್ಲಿ ಕುರ್ಚಿ ಕೊಟ್ಟಿತು. ಅವಳು ಅಪ್ಪನ ಸಾವನ್ನು ಮರೆತಿರಲಿಲ್ಲ. ಕಲ್ಲು ಕೊರೆಯುವಾಗ ತೂತಿಗೆ ನೀರು ಬಿಡಬೇಕು, ಧೂಳು ಏಳಬಾರದು ಎಂದು ಗಣಿಗಣಿಗೂ ತಿರುಗಿದಳು. ಮಾಮನಿಗೂ ಅದನ್ನೇ ಕಲಿಸಿದಳು. ಇನ್ನೊಂದು ಕಲಿಸಿದಳು: ಕಡ್ಡಿ ಗೀರಿ ಒಂದು ಗೇಣು ದೂರ ಹಿಡಿದು, ತುಟಿ ಚೂಪು ಮಾಡದೆ, ಬಾಯಿ ಪೂರ್ತಿ ತೆರೆದು ಊದಬೇಕು. ಕಡ್ಡಿ ಆರಲಿಲ್ಲ ಎಂದರೆ ಎದೆ ಕೆಡುತ್ತಿದೆ ಎಂದು ಅರ್ಥ.

ಇರಲಿ. ಕವರು ಒಡೆದೆ.

“ಮಾನ್ಯ ಪಾಲಪ್ಪನವರೇ, ನಾನು ಎರ್ನಾ ಪೋಲ್‌ಸ್ಟರ್ ಅವರ ಮೊಮ್ಮಗಳು, ಕಾಟ್ರಿನ್. ನಮ್ಮ ತಾಯಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಒಂದು ರಟ್ಟಿನ ಡಬ್ಬಿಯಲ್ಲಿ ನಿಮ್ಮ ಹತ್ತೊಂಬತ್ತು ಪತ್ರ ಸಿಕ್ಕವು. ಕಾರ್ಮಿಕರು ವಿಷಯ ಅರ್ಥಮಾಡಿಕೊಂಡು ತಾವಾಗಿಯೇ ನೀರು ಹಾಕಿ ಕೊರೆಯುತ್ತಿದ್ದಾರೆ, ಗಣಿಯ ದಾರಿಯಲ್ಲಿ ಅಜ್ಜಿಯ ಹೆಸರಿನಲ್ಲಿ ಒಂದು ಸ್ಮಾರಕವನ್ನೂ ಕಟ್ಟಿದ್ದಾರೆ ಎಂದು ಎಪ್ಪತ್ತಾರರ ಪತ್ರದಲ್ಲಿ ಬರೆದಿದ್ದೀರಿ. ಆ ಸ್ಮಾರಕ ಈಗಲೂ ಇದ್ದರೆ ನಾನು ನೋಡಬೇಕು. ಡಿಸೆಂಬರ್ ಮೂವತ್ತಕ್ಕೆ ಬರಲೇ?”

ನಾನು ಹೆಸರಿನ ಮೇಲೆ ಬೆರಳಿಟ್ಟು ಇನ್ನೊಮ್ಮೆ ಓದಿದೆ.

“ಮಾಮ, ಎರ್ನಾ ಅಂದ್ರ... ನಮ್ಮ ಎರ್ನಮ್ಮನಾ?”

ಮಾಮ ನೆಲ ನೋಡಿದ.

ಎರ್ನಮ್ಮ ಯಾರೆಂದು ಯಶವಂತನಗರದವರಿಗೆ ಹೇಳಬೇಕಿಲ್ಲ. ಗಣಿಗೆ ಹೋಗುವ ದಾರಿಯಲ್ಲಿ ಬೇವಿನ ಮರದ ಕೆಳಗೆ ಅವಳ ಕಟ್ಟೆ. ಮೊಣಕಾಲೆತ್ತರದ ಕಲ್ಲು, ಅರಿಸಿನ, ಕುಂಕುಮ, ಬೆಳ್ಳಿ ಕಣ್ಣು, ಮೂಗುತಿ. ಕೊರೆಯುವವರು ಕೆಲಸಕ್ಕೆ ಇಳಿಯುವ ಮುಂಚೆ ಅವಳಿಗೊಂದು ಕೊಡ ನೀರು ಸುರಿಯಬೇಕು, ಆಮೇಲೆ ಪ್ರತಿ ತೂತಿಗೂ ನೀರು ಹಾಕಿಯೇ ಮಷಿನ್ ಇಡಬೇಕು. ಒಣಗಲ್ಲಿಗೆ ಮಷಿನ್ ಇಟ್ಟವನ ಎದೆಯನ್ನು ಅಮ್ಮ ತಿನ್ನುತ್ತಾಳೆ. ಅಮಾವಾಸ್ಯೆಗೆ ಮಷಿನ್ ಪೂಜೆ ಆದ ಮೇಲೆ ಎಲ್ಲರೂ ಅವಳ ಮುಂದೆ ಕಡ್ಡಿ ಗೀರಿ ಬಾಯಿ ತೆರೆದು ಊದಬೇಕು. ಬಾಯಿಂದ ದೀಪ ಆರಿಸಿದರೆ ಅಪಶಕುನ ಎನ್ನುವ ನಮ್ಮ ಸೀಮೆಯಲ್ಲಿ, ಊದಿ ಆರಿಸಿದರೆ ಖುಷಿಪಡುವ ದೇವತೆ ಇವಳೊಬ್ಬಳೇ. ಯಾರ ಕಡ್ಡಿ ಆರಲಿಲ್ಲವೋ ಅವರನ್ನು ‘ಅಮ್ಮ ಒಲ್ಲೆ ಅಂದಳು’ ಎಂದು ಮಾಮ ಕೊರೆಯುವ ಕೆಲಸದಿಂದ ಬಿಡಿಸಿ ಬೇರೆ ಕಡೆ ಹಾಕುತ್ತಿದ್ದ.

ಚಹಾದಂಗಡಿಯಲ್ಲಿ ಕೂರಿಸಿ ಕೇಳಿದೆ. ಐವತ್ತು ವರ್ಷ ಯಾರಿಗೂ ಹೇಳದ್ದನ್ನು ಮಾಮ ಒಂದು ಚಹಾ ಆರುವುದರೊಳಗೆ ಹೇಳಿದ.

“ಊರಿಗೆ ಬಂದು ಮೂರು ತಿಂಗ್ಳು ಗಂಟಲು ಹರಕೊಂಡೆ. ಎದಿ ಚಿತ್ರ ಬರದು ತೋರಿಸ್ದೆ. ಯಾವನೂ ಕೇಳ್ಲಿಲ್ಲ. ನೀರು ಹಾಕಿದ್ರ ರಾಡಿ ಆಗ್ತೈತಿ, ಮಷಿನ್ ಸಿಗೇ ಬೀಳ್ತೈತಿ, ಕೊರೆಯೋ ಅಡಿ ಕಮ್ಮಿ ಆಗ್ತಾವು, ಕೂಲಿ ಕಮ್ಮಿ. ಅವ್ರ ಮಾತೂ ಖರೇನ. ಆ ವರ್ಷ ನಲವತ್ತು ದಾಟದ ಇಬ್ರು ಕೆಮ್ಮಿ ಕೆಮ್ಮಿ ಸತ್ರು. ಆಮ್ಯಾಲ ಒಂದು ಅಮಾಸಿ ದಿನ ಮಷಿನ್ ಪೂಜಿ ನಡದಿತ್ತು. ನಾನು ನಡುಗಿ ಬಿದ್ದೆ.”

“ಮೈಮ್ಯಾಲ ಬಂತಾ?”

“ನಾಟಕಲೇ! ಯಾರು ನೀನು ಅಂತ ಕೇಳಿದ್ರು. ಬ್ಯಾರೆ ಯಾವ ಹೆಸ್ರೂ ಬಾಯಿಗೆ ಬರ್ಲಿಲ್ಲ.”

ಮಾರನೇ ದಿನದಿಂದಲೇ ಎಲ್ಲರೂ ನೀರು ಹಾಕತೊಡಗಿದರಂತೆ. ಮೂರು ತಿಂಗಳ ಭಾಷಣಕ್ಕೆ ಆಗದ್ದು ಮೂರು ನಿಮಿಷದ ನಡುಕಕ್ಕೆ ಆಯಿತು. ಮಾಮನಿಗೆ ಮಾತ್ರ ನಾಚಿಕೆ. ಕಾರ್ಮಿಕರ ತಿಳಿವಳಿಕೆಯಿಂದ ಆಯಿತು ಎಂದು ಮೇಡಂಗೆ ಬರೆದ. ಅವಳು ಆ ಪತ್ರವನ್ನು ತನ್ನ ಆಫೀಸಿನಲ್ಲಿ ಎಲ್ಲರಿಗೂ ಓದಿ ಹೇಳಿ, ‘ನಿನ್ನಿಂದ ನನ್ನ ಜೀವ ತಣ್ಣಗಾಯಿತು’ ಎಂದು ಉತ್ತರ ಬರೆದಳು. ಆಮೇಲೆ ನಿಜ ಹೇಳುವ ದಾರಿಯೇ ಉಳಿಯಲಿಲ್ಲ.

“ಜಂಬ್ಯಾ, ನೀನು ದಿನಾ ಹೇಳ್ತೀಯಲ್ಲ, ಹಂಗ ಒಂದಿನ ನನ್ನ ಸಲುವಾಗಿ ಹೇಳು. ದೇವ್ರು ಅನ್ನಬ್ಯಾಡ, ಸ್ಮಾರಕ ಅನ್ನು. ಜೈಲಿನಾಗ ಪಾದ್ರಿ ಬಂದ್ರ ಬಾಗ್ಲು ಮುಚ್ಚಿಕೊಂಡು ಹೋಗ್ರಿ ಅಂದಾಕಿ ಆಕಿ. ಅಂಥಾಕಿ ಮೂಗಿಗೆ ನಾನು ಮೂಗುತಿ ಹಾಕೀನಿ.”

ನನಗೆ ನಗು ತಡೆಯಲಾಗಲಿಲ್ಲ. ಒಪ್ಪಿಕೊಂಡೆ. ಒಪ್ಪದೆ ಏನು ಮಾಡಲಿ? ನನ್ನ ಅಪ್ಪ ಗಾದಿಲಿಂಗಪ್ಪ ಅದೇ ಗ್ಯಾಂಗಿನಲ್ಲಿ ಇಪ್ಪತ್ತೊಂಬತ್ತು ವರ್ಷ ಕೊರೆದವನು. ಅವನಿಗಿಂತ ಮುಂಚಿನ ಡ್ರಿಲ್ಲರುಗಳಲ್ಲಿ ಐವತ್ತು ಕಂಡವರು ಕಡಿಮೆ. ಅಪ್ಪ ಹೋದ ವರ್ಷದ ಹಿಂದಿನ ವರ್ಷ ಸತ್ತ, ಎಂಬತ್ಮೂರಕ್ಕೆ, ಮೊಮ್ಮಗಳ ಮದುವೆಯಲ್ಲಿ ಮೂರು ಹೋಳಿಗೆ ತಿಂದ ಮೇಲೆ. ಅಪ್ಪನ ಜೊತೆ ನನಗೆ ಸಿಕ್ಕ ಹೆಚ್ಚಿನ ಮೂವತ್ತು ವರ್ಷ ಆ ಹೆಂಗಸಿನ ದಾನ. ಅವಳಿಗೊಂದು ನಮಸ್ಕಾರ ಹೇಳಬೇಕು ಎಂದು ಆ ಚಹಾದಂಗಡಿಯಲ್ಲೇ ಅಂದುಕೊಂಡೆ.

ಆದರೆ ಎಡವಟ್ಟು ಎಲ್ಲಿತ್ತೆಂದರೆ, ಡಿಸೆಂಬರ್ ಮೂವತ್ತು ಎಳ್ಳಮಾವಾಸ್ಯೆ. ಗ್ಯಾಂಗಿನ ಮುದುಕರೆಲ್ಲ ಕಟ್ಟೆಗೆ ಬರುವ ದಿನ. ಹಂಪಕ್ಕನೂ ಬರುವ ದಿನ.

ಹಂಪಕ್ಕ ಕೊಟ್ರಯ್ಯನ ಹೆಂಡತಿ. ಕೊಟ್ರಯ್ಯ ಆ ಗ್ಯಾಂಗಿನಲ್ಲಿ ಎರ್ನಮ್ಮನಿಗೆ ನೀರು ಹಾಕದ ಒಬ್ಬನೇ ಒಬ್ಬ. ಮಾಮನ ಭಾಷಣವೆಲ್ಲ ಮುಗಿದು ಕಟ್ಟೆ ಎದ್ದ ಮೇಲೆ ಗ್ಯಾಂಗಿಗೆ ಸೇರಿದವನು. ಯೂನಿಯನ್ನಿನಲ್ಲಿ ಮಾಮನಿಗಿಂತ ಕಟ್ಟಾಳು. ‘ದೇವ್ರು ಇಲ್ಲ, ಗೀವ್ರು ಇಲ್ಲ’ ಎಂದು ಎಲ್ಲರೆದುರು ಒಣಗಲ್ಲಿಗೇ ಮಷಿನ್ ಇಟ್ಟು ಕೊರೆದ. ನಲವತ್ತೊಂದಕ್ಕೆ ಸತ್ತ. ಎರ್ನಮ್ಮ ಒಯ್ದಳು ಎಂದು ಊರು ಹೇಳಿತು, ಹಂಪಕ್ಕ ನಂಬಿದಳು. ಮೆಟ್ರಿಯ ತವರಿಗೆ ವಾಪಸು ಹೋಗಿ, ಭತ್ತದ ಗದ್ದೆಯಲ್ಲಿ ಕೂಲಿ ಮಾಡಿ ಇಬ್ಬರು ಹೆಣ್ಣುಮಕ್ಕಳನ್ನು ಬೆಳೆಸಿದಳು. ಆದರೆ ಮೂವತ್ತಾರು ವರ್ಷದಿಂದ ಒಂದು ಅಮಾವಾಸ್ಯೆಯನ್ನೂ ಬಿಡದೆ, ಕಂಪ್ಲಿಯಿಂದ ಮೊದಲ ಬಸ್ಸು ಹಿಡಿದು, ಹೊಸಪೇಟೆಯಲ್ಲಿ ಇನ್ನೊಂದು ಬಸ್ಸು ಹಿಡಿದು ಬಂದು ಎರ್ನಮ್ಮನ ಕಟ್ಟೆ ಗುಡಿಸುತ್ತಾಳೆ.

ಇಪ್ಪತ್ತೊಂಬತ್ತರ ಸಂಜೆ ಮಾಮ ಯಾರೂ ಇಲ್ಲದ ಹೊತ್ತು ನೋಡಿ, ಸೋಡಾಪುಡಿ, ತೆಂಗಿನ ನಾರು ತಗೊಂಡು ಹೋಗಿ ಎರ್ನಮ್ಮನನ್ನು ತಿಕ್ಕಿ ತೊಳೆದ. ಐವತ್ತು ವರ್ಷದ ಕುಂಕುಮ, ಎಣ್ಣೆ. ಕೈ ಕೆಂಪಾದರೂ ಪೂರ್ತಿ ಹೋಗಲಿಲ್ಲ. ಸೀರೆ, ಬಳೆ, ಬೆಳ್ಳಿ ಕಣ್ಣು, ಮೂಗುತಿ ಎಲ್ಲ ಗಂಟು ಕಟ್ಟಿ ಮನೆಗೆ ತಂದ. ‘ಈಗ ಸ್ಮಾರಕ ಆತು’ ಎಂದು ನನಗೆ ಫೋನ್ ಮಾಡಿದ.

ಮರುದಿನ ಬೆಳಿಗ್ಗೆ ನಾನು ಕಾಟ್ರಿನ್‌ಳನ್ನು ಹೊಸಪೇಟೆಯ ಹೋಟೆಲಿನಿಂದ ಕಾರಿನಲ್ಲಿ ಕರೆದುಕೊಂಡು ಹೊರಟೆ. ಐವತ್ತಾರು ವರ್ಷದ ಗಣಿತದ ಟೀಚರು. ಗಿಡ್ಡ ಕೂದಲು, ಮಾತು ಕಡಿಮೆ. ತೊಡೆಯ ಮೇಲೆ ಚಪ್ಪಟೆಯಾದ ಒಂದು ಬಟ್ಟೆಯ ಚೀಲ ಇಟ್ಟುಕೊಂಡಿದ್ದಳು. ಬೆಟ್ಟದ ದಾರಿ ಹತ್ತಿ ಅದಿರಿನ ಲಾರಿಗಳ ಹಿಂದೆ ಸಿಕ್ಕಿಹಾಕಿಕೊಂಡಾಗ ಬಾಯಿ ತೆರೆದಳು.

“ನನಗೆ ಎಂಟು ವರ್ಷವಾದ ಮೇಲೆ ನಮ್ಮ ಮನೆಯಲ್ಲಿ ಅಜ್ಜಿಯ ಹೆಸರು ಹೇಳುತ್ತಿರಲಿಲ್ಲ. ಅಮ್ಮ ಅವಳ ಜೊತೆ ಮಾತು ಬಿಟ್ಟಿದ್ದಳು.”

“ಯಾಕೆ?”

“ಅಜ್ಜಿಯ ಜೊತೆ ಕರಪತ್ರ ಹಂಚುತ್ತಿದ್ದ ಒಬ್ಬ ಗೆಳೆಯ, ಎಂಜಿನಿಯರ್. ಅಜ್ಜಿ ಪೊಲೀಸರಿಂದ ಉಳಿಸಿದ ಏಳು ಜನರಲ್ಲಿ ಒಬ್ಬ. ಯುದ್ಧ ಮುಗಿದ ಮೇಲೆ ಅವನೂ ಗಣಿಗಳಲ್ಲೇ ಕೆಲಸ ಮಾಡಿದ. ಧೂಳಿನಿಂದ ಎಷ್ಟು ಜನ ಸಾಯುತ್ತಿದ್ದಾರೆ ಎಂಬ ಲೆಕ್ಕವನ್ನು ಜನರಿಗೆ ತಿಳಿಸಬೇಕು ಅಂದ. ಮೇಲಿನವರಿಗೆ ಅದು ಬೇಡವಾಗಿತ್ತು. ಅವನ ಲೆಕ್ಕ ಸುಳ್ಳು ಎಂಬ ಕಾಗದಕ್ಕೆ ಅಜ್ಜಿಯ ಸಹಿ ಕೇಳಿದರು. ಹಾಕಿದಳು. ಅವನಿಗೆ ನಾಲ್ಕು ವರ್ಷ ಜೈಲಾಯಿತು.”

ಹನ್ನೊಂದು ದಿನ ಹೊಡೆತ ತಿಂದು ಬದುಕಿದ್ದ ಯಾರ ಹೆಸರೂ ಹೇಳದವಳು. ಕುರ್ಚಿಯಲ್ಲಿ ಕೂತು ಒಂದು ಸಹಿ ಹಾಕಿದಳು. ನಾನು ಮುಂದಿನ ಲಾರಿಗೆ ಹಾರ್ನ್ ಹೊಡೆದೆ.

“ನೀರಿನ ಕೆಲಸಕ್ಕೆ ಅವಳು ಹುಚ್ಚಿಯ ಹಾಗೆ ಬಿದ್ದದ್ದು ಅದಾದ ಮೇಲೆ. ಕೊನೆಗಾಲದಲ್ಲಿ ಅವನಿಗೆ ಕ್ಷಮೆ ಕೇಳಿ ಪತ್ರ ಬರೆದಳು. ಉತ್ತರ ಬರಲಿಲ್ಲ. ಅಂಚೆಯವನ ದಾರಿ ನೋಡುತ್ತಲೇ ಸತ್ತಳು.” ಚೀಲದ ಮೇಲೆ ಕೈಯಾಡಿಸಿದಳು. “ನಮ್ಮೂರಿನ ಆಸ್ಪತ್ರೆಗೆ ಅವಳ ಹೆಸರಿತ್ತು. ಎರಡೂ ಜರ್ಮನಿ ಒಂದಾದ ಮೇಲೆ ಫಲಕ ಬಿಚ್ಚಿಹಾಕಿದರು. ಅಲ್ಲಿ ಕಸ ಗುಡಿಸುತ್ತಿದ್ದ ಹೆಂಗಸು ಅದನ್ನು ಎತ್ತಿಟ್ಟು ನಮ್ಮ ಮನೆಗೆ ಕೊಟ್ಟಳು. ಈಗ ತಂದಿದ್ದೇನೆ. ಜನ ನಿಜವಾಗಿಯೂ ತಾವಾಗಿ ಕಟ್ಟಿದ ಸ್ಮಾರಕವಾದರೆ, ಅಲ್ಲಿ ಬಿಟ್ಟು ಹೋಗುತ್ತೇನೆ. ಅಜ್ಜಿಯ ಬದುಕಿನಲ್ಲಿ ಸುಳ್ಳಿನ ಕಲೆ ಇಲ್ಲದ ಒಂದಾದರೂ ಕೆಲಸ ಇತ್ತೇ ಎಂದು ನನಗೆ ಗೊತ್ತಾಗಬೇಕು.”

ರಾಣಿಯರ ಸಂಖ್ಯೆ ಹೆಚ್ಚು ಕಡಿಮೆ ಹೇಳಿದರೆ ಯಾರ ಗಂಟೂ ಹೋಗುವುದಿಲ್ಲ. ಇದು ಹಾಗಲ್ಲ.

ಬೇವಿನ ಮರದ ಹತ್ತಿರ ಕಾರು ನಿಲ್ಲಿಸಿದೆ. ಮಾಮ ಬೆತ್ತಲೆ ಮಾಡಿದ್ದ ಕಲ್ಲು ಕಾಣುತ್ತಲೇ ಇರಲಿಲ್ಲ. ಹಂಪಕ್ಕ ಬೆಳಗ್ಗೆಯೇ ಬಂದು, ಯಾರೋ ಅಮ್ಮನ ಒಡವೆ ಕದ್ದಿದ್ದಾರೆ ಎಂದು ಕೂಗಾಡಿ, ಮನೆಮನೆ ತಿರುಗಿ ಸೇರಿಸಿ, ಮೊದಲಿಗಿಂತ ಮೂರು ಪಟ್ಟು ಸಿಂಗಾರ ಮಾಡಿದ್ದಳು. ಹಸಿರು ರೇಷ್ಮೆ ಸೀರೆ, ಲಿಂಬೆಹಣ್ಣಿನ ಹಾರ, ಹೊಸ ಮೂಗುತಿ. ಮಾಮ ದೂರದಲ್ಲಿ, ಶಾಲೆ ತಪ್ಪಿಸಿ ಸಿಕ್ಕಿಬಿದ್ದ ಹುಡುಗನ ಮುಖ ಮಾಡಿಕೊಂಡು ನಿಂತಿದ್ದ.

ಗ್ಯಾಂಗಿನ ಒಂಬತ್ತು ಜನರಲ್ಲಿ ಮಾಮನೂ ಸೇರಿ ಐವರು ಉಳಿದಿದ್ದಾರೆ. ಎಲ್ಲ ಎಪ್ಪತ್ತು ದಾಟಿದವರು. ಅವರಲ್ಲಿ ಹಿರಿಯ, ಎಂಬತ್ತೊಂದರ ಅಂಜಿನೇಯ ಕೊಡ ಎತ್ತಿ ಕಲ್ಲಿಗೆ ನೀರು ಸುರಿದ. ಅವನು ಸುರಿಯುತ್ತಿದ್ದಂತೆ ಎಲ್ಲರೂ ಕೈಮುಗಿದು ಮಂತ್ರ ಹೇಳಿದರು. ಮಾಮ ಹೇಳಿಕೊಟ್ಟಿದ್ದ ಮಂತ್ರ.

“ಗ್ಲೂಕಾಫ್! ಗ್ಲೂಕಾಫ್! ಗ್ಲೂಕಾಫ್!”

ಕಾಟ್ರಿನ್ ಗಕ್ಕನೆ ನಿಂತಳು. ಅದು ಅವರ ಸೀಮೆಯಲ್ಲಿ ಗಣಿಗೆ ಇಳಿಯುವವರು ಒಬ್ಬರಿಗೊಬ್ಬರು ಹೇಳುವ ನಮಸ್ಕಾರ. ಹೋದವನು ಕ್ಷೇಮವಾಗಿ ಮೇಲೆ ಬರಲಿ ಎಂದು ಅರ್ಥ. ಅವಳ ಕಣ್ಣು ತುಂಬಿತು.

“ಇದೇನು?” ಎಂದು ಕೇಳಿದಳು.

ನಾನು ಮಾಮನ ಮುಖ ನೋಡಿದೆ. ಆಮೇಲೆ ಶುರು ಹಚ್ಚಿಕೊಂಡೆ. ಇದು ಸ್ಮಾರಕ, ನಮ್ಮ ಕಡೆ ಸ್ಮಾರಕಗಳಿಗೆ ಬಟ್ಟೆ ಉಡಿಸುವ ಪದ್ಧತಿ ಇದೆ, ಮೂಗುತಿ ಗೌರವದ ಗುರುತು, ಲಿಂಬೆಹಣ್ಣು ಆರೋಗ್ಯದ ಸಂಕೇತ. ಜೀವಮಾನದಲ್ಲೇ ಅಷ್ಟು ಚೆನ್ನಾಗಿ ಹೇಳಿರಲಿಲ್ಲ. ಅವಳು ತಲೆಯಾಡಿಸುತ್ತಾ ಚೀಲದ ದಾರ ಬಿಚ್ಚತೊಡಗಿದಳು. ಮಾಮನ ಹೆಗಲು ಇಳಿಯಿತು. ಗೆದ್ದೆವು ಅಂದುಕೊಂಡೆ.

ಅಷ್ಟರಲ್ಲಿ ಹಂಪಕ್ಕ ಬಂದು ಕಾಟ್ರಿನ್‌ಳ ಎರಡೂ ಕೈ ಹಿಡಿದಳು. ಎಪ್ಪತ್ತೆರಡರ ಸಣ್ಣ ಜೀವ, ನಾಟಿ ಮಾಡಿ ಮಾಡಿ ಬಾಗಿದ ಬೆನ್ನು.

“ಜಂಬಣ್ಣ, ಈ ಯವ್ವಗ ನನ್ನ ಮಾತು ಹೇಳು. ಸಮುದ್ರ ದಾಟಿ ಅಮ್ಮನ್ನ ನೋಡಾಕ ಬಂದಾಳಂದ್ರ ದೊಡ್ಡ ಪುಣ್ಯವಂತಿ. ಆಕಿ ಬೇಡಿದ್ರ ಅಮ್ಮ ಕೇಳ್ತಾಳ. ನಮ್ಮನಿಯವ್ರು ನೀರು ಹಾಕ್ಲಿಲ್ಲ, ಸೊಕ್ಕು ಮಾಡಿದ್ರು. ಅಮ್ಮ ಒಯ್ದಳು. ಮೂವತ್ತಾರು ವರ್ಷ ಆತು, ನಾ ಗುಡಿಸಾಕ ಹತ್ತಿ. ಇನ್ನರ ಅವ್ರನ್ನ ಕ್ಷಮಿಸು ಅಂತ ಈ ಯವ್ವ ಒಂದು ಮಾತು ಬೇಡಿಕೊಳ್ಳಲಿ.”

ಕಾಟ್ರಿನ್ ನನ್ನ ಕಡೆ ತಿರುಗಿದಳು. “ಇವರು ಏನು ಹೇಳುತ್ತಿದ್ದಾರೆ?”

ನನಗೆ ಮಾತು ಬರಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಮೊದಲ ಸಲ. ಏನಾದರೂ ಹೇಳಬಹುದಿತ್ತು, ನಿಮಗೆ ಸ್ವಾಗತ ಅನ್ನುತ್ತಿದ್ದಾರೆ ಅಂದಿದ್ದರೂ ನಡೆಯುತ್ತಿತ್ತು.

“ಇದ್ದದ್ದು ಇದ್ದಂಗ ಹೇಳಲೇ,” ಎಂದ ಮಾಮ. ಬಂದು ಹಂಪಕ್ಕನ ಎದುರು ನೆಲದ ಮೇಲೆ ಕೂತ. “ನಾನೂ ಹೇಳ್ತೀನಿ. ಹಂಪಕ್ಕ, ಎರ್ನಮ್ಮ ಅಂತ ಯಾವ ದೇವ್ರೂ ಇಲ್ಲ. ನಾ ಕಟ್ಟಿದ ಸುಳ್ಳು. ಈ ಯವ್ವನ ಅಜ್ಜಿ ಹೆಸ್ರು ಅದು. ನಂಗ ಪಾಠ ಹೇಳಿದ ಹೆಣ್ಣುಮಗಳು. ಕೊಟ್ರಯ್ಯನ್ನ ಯಾರೂ ಒಯ್ಯಲಿಲ್ಲ. ಧೂಳು ಕೊಂದತು.”

ಎಲ್ಲ ಹೇಳಿದ. ನಡುಗಿ ಬಿದ್ದದ್ದು, ಹೆಸರು, ಪತ್ರ. ನಾನು ಒಂದೊಂದು ಮಾತನ್ನೂ ಒಗ್ಗರಣೆ ಇಲ್ಲದೆ ಜರ್ಮನ್ನಿಗೆ ದಾಟಿಸಿದೆ. ಹುಲಿಗೇಶ, ಗ್ಯಾಂಗಿನ ಮುಂಗೋಪಿ, ಎದ್ದು ನಿಂತು ಕೂಗಿದ. “ಐವತ್ತು ವರ್ಷ ನಮಗ ಮಂಗ್ಯಾ ಮಾಡಿಯೇನೋ ಪಾಲ್ಯಾ?” ಕೂಗು ಬೆಟ್ಟಕ್ಕೆ ಹೋಗಿ ವಾಪಸು ಬಂತು. ಎಪ್ಪತ್ತೆಂಟು ವರ್ಷದವನ ಕೂಗು. ಅದು ಎಂಥ ಎದೆ ಎಂದು ಅವನಿಗೇ ಹೊಳೆಯಿತೋ ಏನೋ, ಗಪ್ಪನೆ ಕೂತ.

ಹಂಪಕ್ಕ ಮಾತ್ರ ಅಲುಗಲಿಲ್ಲ.

“ಹಂಗಾದ್ರ ದೇವ್ರು ಇಲ್ಲಂತ ನಮ್ಮನಿಯವ್ರು ಹೇಳಿದ್ದು ಖರೇ ಇತ್ತು.”

“ಖರೇ ಇತ್ತು.”

“ಅವ್ರೊಬ್ರಿಗೆ ನೀ ಬಿಡಿಸಿ ಹೇಳಿದ್ರ, ನೀರು ಹಾಕ್ತಿದ್ರೇನಣ್ಣ?”

“ಹಾಕ್ತಿದ್ದ. ಎಲ್ರಿಗಿಂತ ಮದ್ಲು ಹಾಕ್ತಿದ್ದ. ಅವನ ಬಾಯಿ ದೊಡ್ಡದು, ಎಲ್ರಿಗೂ ಹೇಳಿಬಿಡ್ತಾನ, ಎಲ್ರೂ ನೀರು ಹಾಕೋದು ನಿಲ್ಲಸ್ತಾರ ಅಂತ ಹೆದರಿ ಹೇಳ್ಲಿಲ್ಲ. ಎಂಟು ಮಂದಿ ಸಲುವಾಗಿ ಒಬ್ಬನ್ನ ಬಿಟ್ಟೆ. ನಿನ್ನ ಮುಂದ ಬಂದು ನಿಲ್ಲಾಕ ಮೂವತ್ತಾರು ವರ್ಷ ಧೈರ್ಯ ಬರ್ಲಿಲ್ಲ.”

ಹಂಪಕ್ಕ ಎದ್ದು ಮರದ ಆ ಕಡೆ ಹೋಗಿ, ನಮಗೆ ಬೆನ್ನು ಮಾಡಿ ಕೂತಳು. ಮಾಮ ಕಾಟ್ರಿನ್‌ಗೆ ಕೈಮುಗಿದು, ತುಕ್ಕು ಹಿಡಿದ ಜರ್ಮನ್ನಿನಲ್ಲಿ, “ಕ್ಷಮಿಸಿ. ನಾನು ಎರ್ನಾಗೆ ಸುಳ್ಳು ಬರೆದೆ. ಫಲಕ ವಾಪಸು ಒಯ್ಯಿರಿ,” ಎಂದ. ಅವಳು ಅವನ ಪಕ್ಕದಲ್ಲೇ ಮಣ್ಣಿನಲ್ಲಿ ಕೂತಳು.

“ನನ್ನ ಅಜ್ಜಿ ಉತ್ತರ ಬಾರದೆ ಸತ್ತಳು,” ಎಂದಳು. “ನೀವು ಕಾಯಿರಿ. ಉತ್ತರ ಕೊಡುವವರು ಇಲ್ಲೇ ಇದ್ದಾರೆ.”

ಗಣಿಯಿಂದ ಇಳಿದ ಮೂರು ಲಾರಿ ಹಾದುಹೋದವು. ಹಂಪಕ್ಕ ಸೆರಗಿನಿಂದ ಮುಖ ಒರೆಸಿಕೊಂಡು ಬಂದಳು. ಅಳು ಮುಗಿದಿತ್ತೋ ಇಲ್ಲವೋ, ಮುಖದಲ್ಲಿ ನಾನು ಎಂದೂ ನೋಡಿರದ ಒಂದು ಬಿಗುವು ಇತ್ತು. ಗಂಡ ತಪ್ಪಿತಸ್ಥನಲ್ಲ ಎಂದು ಗೊತ್ತಾದವಳ ಬಿಗುವು. ಪೂಜೆಯ ಬುಟ್ಟಿಯಿಂದ ಕಡ್ಡಿಪೆಟ್ಟಿಗೆ ತೆಗೆದಳು.

“ಸಾಲಾಗಿ ನಿಲ್ರಿ. ಇವತ್ತು ಅಮಾಸಿ. ಈ ಯವ್ವ ಅಷ್ಟು ದೂರದಿಂದ ಬಂದಾಳ, ಅಜ್ಜಿ ಮಾಡಿದ ಕೆಲಸ ನೋಡಿ ಹೋಗ್ಲಿ.”

ಅಂಜಿನೇಯ ಬಂದ. ಅವಳು ಕಡ್ಡಿ ಗೀರಿ ಗೇಣು ದೂರದಲ್ಲಿ ಹಿಡಿದಳು. ಅವನು ಹಲ್ಲಿಲ್ಲದ ಬಾಯಿ ತೆರೆದು ಊದಿದ. ಆರಿತು. ಹುಲಿಗೇಶ ಊದಿದ, ಆರಿತು. ಮೂರನೆಯವನದು, ನಾಲ್ಕನೆಯವನದು. ಕಾಟ್ರಿನ್‌ಗೆ ಆ ಕಡ್ಡಿಯ ಪರೀಕ್ಷೆ ಗೊತ್ತಿತ್ತು. ಚಿಕ್ಕವಳಿದ್ದಾಗ ಅಜ್ಜಿ ತನ್ನಿಂದಲೂ ಊದಿಸುತ್ತಿದ್ದಳು ಎಂದು ಆಮೇಲೆ ಹೇಳಿದಳು. ಒಂದೊಂದು ಕಡ್ಡಿ ಆರಿದಾಗಲೂ ಅವಳು ಸಣ್ಣಗೆ ಎಣಿಸುತ್ತಿದ್ದಳು. ಐನ್ಸ್, ಟ್ಸ್ವೈ, ಡ್ರೈ, ಫಿಯರ್. ಮರೆಯದೆ ನನ್ನ ಅಪ್ಪನನ್ನೂ ಒಬ್ಬ ಎಂದು ನಾನು ಮನಸ್ಸಿನಲ್ಲೇ ಸೇರಿಸಿಕೊಂಡೆ.

ಐದನೆಯವನು ಮಾಮ. ಬಾಯಿ ತೆರೆದ. ಉಸಿರಿನ ಬದಲು ಅಳು ಬಂತು. ಕಡ್ಡಿ ಉರಿದು ಹಂಪಕ್ಕನ ಬೆರಳಿಗೆ ತಾಗಿತು. ಅವಳು ಅದನ್ನು ಝಾಡಿಸಿ, ಇನ್ನೊಂದು ಗೀರಿದಳು.

“ಊದಣ್ಣ. ಅವ್ರು ಊದಲಿಲ್ಲ. ನೀನಾದ್ರೂ ಊದು.”

ಮಾಮ ಊದಿದ. ಆರಿತು.

ಕಾಟ್ರಿನ್ ಚೀಲದಿಂದ ಫಲಕ ತೆಗೆದಳು. ನೀಲಿ ಬಣ್ಣದ ತಗಡು, ಬಿಳಿ ಅಕ್ಷರ, ನಾಲ್ಕು ಮೂಲೆಗೆ ನಾಲ್ಕು ತೂತು. ಅದರ ಮೇಲೆ ಏನಿದೆ ಎಂದು ಹಂಪಕ್ಕ ಕೇಳಿದಳು, ಎರ್ನಾ ಪೋಲ್‌ಸ್ಟರ್ ಎಂದು ಓದಿ ಹೇಳಿದೆ.

“ಕಟ್ಟಿ ಕಲ್ಲಿಗೆ ಬಡೀರಿ. ದೇವ್ರು ಅಂತ ಬರೀಬ್ಯಾಡ್ರಿ. ಕೆಳಗ ನಮ್ಮನಿಯವ್ರ ಹೆಸ್ರು ಬರಸ್ರಿ. ಕೊಟ್ರಯ್ಯ, ಖರೇ ಹೇಳಿದವ್ರು ಅಂತ ಬರಸ್ರಿ.”

“ಸೀರಿ, ಮೂಗುತಿ ತಗೀಲೇನು?” ಎಂದು ಮಾಮ ಆಸೆಯಿಂದ ಕೇಳಿದ.

“ಯಾಕ ತಗೀತಿ? ಮನಿಷ್ಯಾಳಾದ್ರ ಸೀರಿ ಉಡಬಾರ್ದೇನು?”

ಇದನ್ನು ಕಾಟ್ರಿನ್‌ಗೆ ಹೇಳಿದಾಗ ಅವಳು ಬೆಳಗಿನಿಂದ ಮೊದಲ ಸಲ ನಕ್ಕಳು. ನಗುತ್ತಲೇ ಹಂಪಕ್ಕನ ಹೆಗಲಿಗೆ ತಲೆ ಇಟ್ಟಳು. ಹಂಪಕ್ಕ ಅವಳ ಬೆನ್ನು ಸವರುತ್ತಾ, “ನಿಮ್ಮಜ್ಜಿ ಛಲೋ ಹೆಣ್ಣುಮಗಳು. ಇಷ್ಟು ಮಂದಿನ ಉಳಿಸ್ಯಾಳ. ಆಕಿಗೆ ನಾ ಋಣಿ ಅದೀನಿ ಅಂತ ಹೇಳು,” ಎಂದಳು. ತನ್ನ ಗಂಡನನ್ನು ಉಳಿಸದ ಆ ಹೆಸರಿಗೆ ಅವಳು ಆ ಮಾತು ಹೇಳಿದ್ದನ್ನು ನಾನು ಇದ್ದ ಹಾಗೇ ದಾಟಿಸಿದೆ.

ಹುಲಿಗೇಶ ಮನೆಯಿಂದ ಹಳೆಯ ಉಳಿ, ಸುತ್ತಿಗೆ ತಂದ. ಕಟ್ಟೆಯ ಕಲ್ಲಿನ ಮೇಲೆ ಫಲಕ ಇಟ್ಟು ಅಂಜಿನೇಯ ನಾಲ್ಕು ಗುರುತು ಹಾಕಿದ. ಮೊದಲ ಗುರುತಿಗೆ ಮಾಮ ಉಳಿ ಹಿಡಿದ, ಹುಲಿಗೇಶ ಸುತ್ತಿಗೆ ಎತ್ತಿದ.

“ತಡೀರಿ,” ಎಂದಳು ಹಂಪಕ್ಕ. ಹೋಗಿ ಕೊಡ ತುಂಬಿಕೊಂಡು ಬಂದು ಉಳಿಯ ಬುಡಕ್ಕೆ ಸಣ್ಣಗೆ ನೀರು ಬಿಟ್ಟಳು. ನಾಲ್ಕು ತೂತು ಮುಗಿಯುವ ತನಕ ಅವಳು ಕೊಡ ಕೆಳಗಿಡಲಿಲ್ಲ, ಧೂಳು ಏಳಲಿಲ್ಲ.